ಓಟ ಸಿಂಗಪುರದಲ್ಲಿ, ತಾಲೀಮು ತುಂಗಭದ್ರೆಯ ದಡದಲ್ಲಿ

ಬೆಳಗಿನ ಐದೂವರೆ ಗಂಟೆ. ಹೊಸಪೇಟೆಯಿಂದ ತುಂಗಭದ್ರಾ ಅಣೆಕಟ್ಟೆಯತ್ತ ಸಾಗುವ ರಸ್ತೆ. ಬಿಸಿಲು ಏರುವ ಮೊದಲೇ ಕಾಲಾಡಿಸಿ ಬರಲು ಹೊರಟವರ ಸಾಲು. ಮಫ್ಲರ್ ಸುತ್ತಿಕೊಂಡ ಹಿರಿಯರು, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು, ಸಕ್ಕರೆ ಕಾಯಿಲೆಗೆಂದು ವೈದ್ಯರು ಹೇಳಿದ ನಡಿಗೆ ಮುಗಿಸುವ ಗೃಹಿಣಿಯರು. ಇವರ ನಡುವೆ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯೂ ಓಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಪದವಿ ತರಗತಿಯ ಎರಡನೆಯ ವರ್ಷ. ತಂದೆಗೆ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ಒಂದು ರಾತ್ರಿ ಊಟದ ಹೊತ್ತಿಗೆ ಅವಳು ಮೆಲ್ಲಗೆ ಮಾತು ತೆಗೆಯುತ್ತಾಳೆ.

"ಅಪ್ಪಾ, ಸಿಂಗಪುರದಾಗ ಒಂದು ರೇಸ್ ಐತಿ. ಹೋಗಿ ಬರ್ಲಾ?"

"ಓಡಾಕ ಸಿಂಗಪುರಕ್ಕ ಹೋಗ್ಬೇಕೇನವ್ವಾ? ನಮ್ಮ ಡ್ಯಾಂ ರೋಡ್ ಸಾಲದಾ?"

ಪ್ರಶ್ನೆ ನಗೆ ತರಿಸುವಂಥದು. ಆದರೆ ಅದಕ್ಕೆ ತೂಕವೂ ಇದೆ. ಮುಂದಿನ ವರ್ಷದ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ, ಪರೀಕ್ಷೆಯ ದಿನಗಳು, ಹೆಣ್ಣುಮಗಳು ಮೊದಲ ಬಾರಿ ಗಡಿ ದಾಟುವ ಆತಂಕ ಎಲ್ಲವೂ ಆ ಒಂದು ಮಾತಿನ ಹಿಂದೆ ನಿಂತಿವೆ. ಇಂಥ ಮಾತು ಇಂದು ಒಂದು ಮನೆಯದಷ್ಟೇ ಅಲ್ಲ. ಹಾಗಾಗಿ ಮಗಳ ಬಯಕೆಯನ್ನೂ ತಂದೆಯ ಪ್ರಶ್ನೆಯನ್ನೂ ಒಟ್ಟಿಗೆ ಇಟ್ಟುಕೊಂಡು ಸುತ್ತಲಿನ ನಾಲ್ಕು ಊರುಗಳನ್ನು ಒಮ್ಮೆ ಸುತ್ತಿ ಬರುವುದು ಒಳ್ಳೆಯದು. ದೂರದ ಪಯಣಕ್ಕೆ ಬೇಕಾದ ಪಾಠಗಳೆಲ್ಲ ಇಲ್ಲೇ ಬಿದ್ದಿವೆ.

ಸೂರಿನಡಿಯ ಓಟ

ಮೊದಲು ಈ ಓಟ ಯಾವುದು ಎಂಬುದು ತಿಳಿಯಬೇಕು. ಇದರ ಹೆಸರು ಹೈರಾಕ್ಸ್. ಹುಟ್ಟೂರು ಜರ್ಮನಿಯ ಹ್ಯಾಂಬರ್ಗ್. 2017ರಲ್ಲಿ ಕ್ರಿಶ್ಚಿಯನ್ ಟೊಯೆಟ್ಸ್‌ಕೆ ಮತ್ತು ಮೊರಿಟ್ಸ್ ಫ್ಯೂರ್ಸ್ಟೆ ಎಂಬಿಬ್ಬರು ಇದನ್ನು ಆರಂಭಿಸಿದರು. ಫ್ಯೂರ್ಸ್ಟೆ ಹಾಕಿ ಆಟಗಾರ. 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಜರ್ಮನ್ ತಂಡದಲ್ಲಿದ್ದವರು.

ಓಟ ನಡೆಯುವುದು ಬಯಲಿನಲ್ಲಲ್ಲ, ವಸ್ತುಪ್ರದರ್ಶನ ನಡೆಯುವಂಥ ದೊಡ್ಡ ಸಭಾಂಗಣದಲ್ಲಿ. ಒಂದು ಕಿ.ಮೀ. ಓಡಬೇಕು, ಒಂದು ಕಸರತ್ತು ಮಾಡಬೇಕು. ಮತ್ತೆ ಒಂದು ಕಿ.ಮೀ., ಮತ್ತೊಂದು ಕಸರತ್ತು. ಹೀಗೆ ಎಂಟು ಬಾರಿ. ಒಟ್ಟು ಎಂಟು ಕಿ.ಮೀ. ಓಟ, ಎಂಟು ಕಸರತ್ತು. ಸಾಮಾನ್ಯ ಸ್ಪರ್ಧಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಪಳಗಿದವರು ಒಂದು ಗಂಟೆಯೊಳಗೆ ಮುಗಿಸುವುದುಂಟು.

ಕಸರತ್ತುಗಳ ಹೆಸರು ಇಂಗ್ಲಿಷಿನಲ್ಲಿದ್ದರೂ ಕೆಲಸ ಮಾತ್ರ ನಮಗೆ ಹೊಸದಲ್ಲ. ಮೊದಲನೆಯದು, ನಿಂತಲ್ಲೇ ಎರಡೂ ಕೈಯಿಂದ ಹಗ್ಗ ಜಗ್ಗುವ ಯಂತ್ರದಲ್ಲಿ 1,000 ಮೀಟರ್. ಎರಡನೆಯದು, ಭಾರ ಹೇರಿದ ಕಬ್ಬಿಣದ ಜಾರುಬಂಡಿಯನ್ನು 50 ಮೀಟರ್ ನೂಕುವುದು. ಸಾಮಾನ್ಯ ವಿಭಾಗದ ಗಂಡಸರಿಗೆ ಬಂಡಿಯೂ ಸೇರಿ 152 ಕೆ.ಜಿ., ಹೆಂಗಸರಿಗೆ 102. ಮೂರನೆಯದು, ಅದೇ ಬಗೆಯ ಬಂಡಿಯನ್ನು ಹಗ್ಗ ಹಿಡಿದು 50 ಮೀಟರ್ ಎಳೆದುಕೊಳ್ಳುವುದು. ನಾಲ್ಕನೆಯದು, ನೆಲಕ್ಕೆ ಎದೆ ತಾಗಿಸಿ ಎದ್ದು ಕಪ್ಪೆಯಂತೆ ಮುಂದಕ್ಕೆ ಜಿಗಿಯುತ್ತ 80 ಮೀಟರ್. ಐದನೆಯದು, ದೋಣಿಯ ಹುಟ್ಟು ಹಾಕುವಂಥ ಯಂತ್ರದಲ್ಲಿ 1,000 ಮೀಟರ್. ಆರನೆಯದು, ಎರಡು ಕೈಯಲ್ಲಿ ಎರಡು ಭಾರ ಹಿಡಿದು 200 ಮೀಟರ್ ನಡಿಗೆ. ಗಂಡಸರಿಗೆ ತಲಾ 24 ಕೆ.ಜಿ., ಹೆಂಗಸರಿಗೆ ತಲಾ 16. ನಲ್ಲಿಯಿಂದ ಮನೆಗೆ ತುಂಬಿದ ಎರಡು ಕೊಡ ಹೊತ್ತು ತಂದ ಯಾವ ತಾಯಿಗೂ ಇದು ಗೊತ್ತಿದ್ದ ಕೆಲಸ! ಏಳನೆಯದು, ಮರಳಿನ ಚೀಲ ಹೆಗಲಿಗೇರಿಸಿ ಒಂದೊಂದೇ ಮಂಡಿ ನೆಲಕ್ಕೂರುತ್ತ 100 ಮೀಟರ್. ಕೊನೆಯದು, ತೂಕದ ಚೆಂಡನ್ನು ಕುಳಿತು ಎದ್ದು ಎತ್ತರದ ಗುರಿಗೆ ಎಸೆಯುವುದು, ನೂರು ಸಲ.

ಇದರಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಹ್ಯಾಂಬರ್ಗಿನಲ್ಲಿರಲಿ, ಸಿಂಗಪುರದಲ್ಲಿರಲಿ, ದೂರವೂ ಅದೇ, ಕಸರತ್ತೂ ಅದೇ, ಅನುಕ್ರಮವೂ ಅದೇ. ಮಳೆಯಿಲ್ಲ, ಬಿಸಿಲಿಲ್ಲ, ಏರಿಳಿತವಿಲ್ಲ. ಹಾಗಾದರೆ ಊರು ಬಿಟ್ಟು ಹೋಗುವುದೇಕೆ? ತಂದೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಉತ್ತರಕ್ಕೆ ಹಂಪಿಗೆ ಹೋಗೋಣವೆಂದರೆ ಹದಿಮೂರೇ ಕಿ.ಮೀ.

ಹಂಪಿ: ಸ್ಪರ್ಧೆ ನೋಡಲು ಲೋಕ ಬಂದ ಊರು

ಇಂದು ಇಲ್ಲಿನ ಮಕ್ಕಳು ಸ್ಪರ್ಧೆಗಾಗಿ ಹೊರದೇಶಕ್ಕೆ ಹೋಗುವ ಮಾತಾಡುತ್ತಾರೆ. ಒಂದು ಕಾಲದಲ್ಲಿ ಹೊರದೇಶದವರು ಇಲ್ಲಿನ ಸ್ಪರ್ಧೆಗಳನ್ನು ನೋಡಿ ಬೆರಗಾಗಿ ಬರೆದಿಟ್ಟರು. ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬೇಟೆ, ಕುಣಿತಗಳ ಜೊತೆಗೆ ಜಟ್ಟಿಗಳೂ ಇದ್ದಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಕಾಳಗವನ್ನು ಕಣ್ಣಾರೆ ಕಂಡ. ಹಲ್ಲು ಉದುರುವಂಥ, ಮುಖ ಜಜ್ಜುವಂಥ ಹೊಡೆತಗಳು. ಮಾತು ನಿಂತವರನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರು. ಆದರೂ ಅದು ಅಂಕೆಯಿಲ್ಲದ ಬಡಿದಾಟವಾಗಿರಲಿಲ್ಲ. ಇಬ್ಬರನ್ನೂ ಸರಿಸಮನಾಗಿ ಕಣಕ್ಕಿಳಿಸಿ ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರೆಂದು ಅವನು ದಾಖಲಿಸಿದ್ದಾನೆ. ಅವನ ನಂತರ ಬಂದ ನುನಿಜ್, ಕುಸ್ತಿ ಮಾಡುವ ಹೆಂಗಸರೂ ಅರಮನೆಯ ಆಶ್ರಯದಲ್ಲಿದ್ದುದನ್ನು ಬರೆದಿದ್ದಾನೆ. ಹೆಣ್ಣುಮಗಳಿಗೆ ಇದೆಲ್ಲ ಏಕೆ ಎನ್ನುವವರು ಇದನ್ನೊಮ್ಮೆ ನೆನೆಯಬಹುದು.

ಪಾಯೆಸ್ ಬರೆದಿರುವ ಕೃಷ್ಣದೇವರಾಯನ ದಿನಚರಿ ಇನ್ನೂ ಸ್ವಾರಸ್ಯಕರ. ಬೆಳಕು ಹರಿಯುವ ಮೊದಲೇ ಎದ್ದ ಅರಸು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಸೊಂಟಕ್ಕೆ ಒಂದು ಸಣ್ಣ ಬಟ್ಟೆ. ಕೈಯಲ್ಲಿ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳು. ನಂತರ ಕತ್ತಿವರಸೆ, ಮೈಗೆ ಹಚ್ಚಿದ ಎಣ್ಣೆ ಬೆವರಾಗಿ ಇಳಿಯುವವರೆಗೆ. ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ. ಕೊನೆಗೆ ಕುದುರೆಯೇರಿ ಬಯಲಿನಲ್ಲಿ ಅತ್ತಿಂದಿತ್ತ ಸವಾರಿ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರಬೇಕು! ಭಾರ, ಬೆವರು, ಓಟ ಮೂರನ್ನೂ ಒಂದರ ಹಿಂದೊಂದು ಜೋಡಿಸುವ ಕ್ರಮ ಹ್ಯಾಂಬರ್ಗಿಗಿಂತ ಐನೂರು ವರ್ಷ ಮೊದಲೇ ಇಲ್ಲಿತ್ತು ಎಂದರೆ ತಪ್ಪಾಗಲಾರದು. ಎಣ್ಣೆ ಕುಡಿಯುವುದೊಂದನ್ನು ಇಂದಿನ ವಿದ್ಯಾರ್ಥಿ ಅನುಕರಿಸಬೇಕಿಲ್ಲ. ದಿನ ತಪ್ಪದ ಆ ಶಿಸ್ತನ್ನು ಖಂಡಿತ ಅನುಕರಿಸಬಹುದು.

ಹಂಪಿ ಕಲಿಸುವ ಎರಡನೆಯ ಪಾಠ ಕಾಲದ್ದು. ಹೆರಾತ್‌ನ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ ರಜಾಕ್ 1442ರಲ್ಲಿ ಹೊರಟ. ಹೊರ್ಮುಜ್ ಬಂದರಿನಲ್ಲಿ ಅಲ್ಲಿನ ಅಧಿಕಾರಿಗಳು ಅವನನ್ನು ತಡೆದರು. ಹಡಗಿಗೆ ಅನುಕೂಲವಾದ ಗಾಳಿಯ ಕಾಲ ಕಳೆದೇಹೋಯಿತು. ಬಿರುಗಾಳಿ, ಕಡಲ್ಗಳ್ಳರ ಭಯದ ದಿನಗಳಲ್ಲಿ ಹೊರಡಬೇಕಾಯಿತು. ಹಡಗು ಹತ್ತಿದ ಕೂಡಲೇ ಅದರ ವಾಸನೆಗೆ ಅವನಿಗೆ ಪ್ರಜ್ಞೆ ತಪ್ಪಿತಂತೆ. ಕಲ್ಲಿಕೋಟೆ, ಮಂಗಳೂರು ದಾಟಿ 1443ರಲ್ಲಿ ಅವನು ವಿಜಯನಗರ ಮುಟ್ಟಿದ. ಇಮ್ಮಡಿ ದೇವರಾಯನ ಆಸ್ಥಾನ ಕಂಡ, ಮಹಾನವಮಿಯ ವೈಭವವನ್ನು ಬಣ್ಣಿಸಿದ. ಇಂದು ಹಡಗಿನ ಬದಲು ವಿಮಾನ, ಗಾಳಿಯ ಬದಲು ವೀಸಾ. ಹೊರಡುವ ಮೊದಲೇ ಕಾಗದಪತ್ರದ ಬಾಗಿಲಲ್ಲಿ ದಿನ ಕಳೆದರೆ ಉಳಿದ ಪ್ರಯಾಣವೆಲ್ಲ ತೊಂದರೆಯೇ. ಆರು ಶತಮಾನ ಕಳೆದರೂ ಈ ಮಾತು ಬದಲಾಗಿಲ್ಲ.

ತಾಲೀಮಿಗೆ ಹಂಪಿಗೆ ಬರುವವರಿಗೆ ಒಂದು ಎಚ್ಚರಿಕೆಯೂ ಬೇಕು. ಮಾತಂಗ ಬೆಟ್ಟದ ಮೆಟ್ಟಿಲುಗಳನ್ನು ಬೆಳಗಿನ ತಂಪಿನಲ್ಲಿ ಏರಬಹುದು. ಆದರೆ ಸ್ಮಾರಕಗಳು ಶಕ್ತಿ ತೋರಿಸುವ ಜಾಗವಲ್ಲ. ಇಲ್ಲಿನ ಕಲ್ಲಿನ ಕಂಬವೊಂದನ್ನು ಯುವಕರು ನೂಕಿ ಬೀಳಿಸಿದ ದೃಶ್ಯ 2019ರಲ್ಲಿ ದೇಶವೆಲ್ಲ ಹರಿದಾಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿದ್ದಲ್ಲದೆ ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿತು. ತೋಳಿಗೆ ಬಲ ಬಂದಷ್ಟೇ ತಲೆಗೆ ಹೊಣೆಯೂ ಬರಬೇಕು.

ಸಂಡೂರು: ಕಾಯುವುದೂ ಒಂದು ಅಭ್ಯಾಸ

ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಕಿ.ಮೀ. ಹೋದರೆ ಸಂಡೂರು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡಗಳ ಹಸಿರು ನೋಡಿದವರು ಇದು ಬಳ್ಳಾರಿ ಸೀಮೆಯೇ ಎಂದು ಕಣ್ಣುಜ್ಜಿಕೊಳ್ಳುತ್ತಾರೆ. ನಾರಿಹಳ್ಳದ ನೀರು, ಕುಮಾರಸ್ವಾಮಿ ದೇವಾಲಯ, ಕೆಂಪು ಅದಿರಿನ ಮಣ್ಣು. ಏರಿಳಿತದ ಈ ರಸ್ತೆಗಳಲ್ಲಿ ವಾರಕ್ಕೊಮ್ಮೆ ಓಡಿದ ಕಾಲಿಗೆ ಸಭಾಂಗಣದ ಮಟ್ಟಸ ನೆಲ ಹಗುರವೆನಿಸುತ್ತದೆ. ಅದಿರಿನ ಲಾರಿಗಳು ಓಡಾಡುವ ದಾರಿಯನ್ನು ಮಾತ್ರ ಬಿಡಬೇಕು. ದೂಳೂ ಹೆಚ್ಚು, ಅಪಾಯವೂ ಹೆಚ್ಚು.

ಇದೇ ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್‌ನಲ್ಲಿ 'ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್' ಎಂಬ ಕ್ರೀಡಾ ತರಬೇತಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ಇಲ್ಲಿ ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೊ ಮುಂತಾದವುಗಳ ತರಬೇತಿ ನಡೆಯುತ್ತದೆ. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರ ಬದುಕಿನ ಒಂದು ಕಠಿಣ ಅಧ್ಯಾಯ ಈ ಆವರಣದಲ್ಲಿ ಕಳೆಯಿತು. 2019ರ ಮೇ ತಿಂಗಳಲ್ಲಿ ಅವರ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ದೋಹಾ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. ಎಸೆಯಬೇಕಾದ ಕೈ ಸುಮ್ಮನಿರಬೇಕಾದ ತಿಂಗಳುಗಳು! ಆ ಚೇತರಿಕೆಯ ದಿನಗಳಲ್ಲಿ ಅವರು ಇಲ್ಲಿ ತರಬೇತಿ ಪಡೆದರು. 2019ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಎರಡು ತಿಂಗಳು ಅಲ್ಲಿನ ಹವೆಗೆ, ನೆಲಕ್ಕೆ, ತರಬೇತುದಾರರಿಗೆ ಹೊಂದಿಕೊಂಡ ಮೇಲೆ 2020ರ ಜನವರಿ 28ರಂದು ಪೊಚೆಫ್‌ಸ್ಟ್ರೂಮ್ ನಗರದ ಒಂದು ಕೂಟದಲ್ಲಿ 87.86 ಮೀಟರ್ ಎಸೆದರು. ಒಲಿಂಪಿಕ್ ಅರ್ಹತೆಗೆ ಬೇಕಿದ್ದುದು 85 ಮೀಟರ್. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು.

ಟೋಕಿಯೊದ ಚಿನ್ನ ಎಲ್ಲರಿಗೂ ನೆನಪಿದೆ. ಪೊಚೆಫ್‌ಸ್ಟ್ರೂಮ್ ನೆನಪಿರುವವರು ಕಡಿಮೆ. ವಿದ್ಯಾರ್ಥಿಗಳು ನೆನಪಿಡಬೇಕಾದ್ದು ಆ ಎರಡನೆಯದನ್ನೇ. ಒಂದು ಸ್ಪರ್ಧೆಯನ್ನು ಬಿಟ್ಟುಕೊಡುವುದು ಸೋಲಲ್ಲ. ಮೈ ಸಿದ್ಧವಾದ ಮೇಲೆ ದಿನ ಗೊತ್ತುಮಾಡಿಕೊಂಡು ಹೊರಡುವುದು ಜಾಣತನ. ಹೆಚ್ಚು ದೂರ ಹೋಗುವುದಿದ್ದರೆ ಮೊದಲೇ ಹೋಗಿ ಹೊಂದಿಕೊಳ್ಳಬೇಕು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಎರಡು ದಿನ ಮೊದಲು ತಲುಪಿದರೆ ಸಾಕಾಗಬಹುದು. ಜರ್ಮನಿ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದು; ಅಲ್ಲಿಗೆ ಇನ್ನೂ ಒಂದೆರಡು ದಿನ ಕೈಯಲ್ಲಿರಬೇಕು.

ಚೋಪ್ರಾ ಅವರ ಪಯಣಕ್ಕೂ ಈ ಹುಡುಗಿಯ ಪಯಣಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ತಂದೆತಾಯಿಗಳು ಅದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಹೈರಾಕ್ಸ್ ಒಲಿಂಪಿಕ್ ಕ್ರೀಡೆಯಲ್ಲ. ಖಾಸಗಿ ಸಂಸ್ಥೆ ನಡೆಸುವ ಸ್ಪರ್ಧೆ. 16 ವರ್ಷ ತುಂಬಿದ ಯಾರೇ ಆದರೂ ಟಿಕೆಟ್ ಕೊಂಡು ಸಾಮಾನ್ಯ ವಿಭಾಗದಲ್ಲಿ ಓಡಬಹುದು. ಅರ್ಹತೆಯ ಪ್ರಶ್ನೆ ಬರುವುದು ವಿಶ್ವ ಚಾಂಪಿಯನ್‌ಷಿಪ್‌ಗೆ ಮಾತ್ರ. ಅಂದರೆ ಇಲ್ಲಿ ದೇಶದ ಜೆರ್ಸಿ ಇಲ್ಲ, ಸರ್ಕಾರದ ಖರ್ಚಿಲ್ಲ. ಕ್ರೀಡಾ ಕೋಟಾದ ಸೀಟು ಸಿಗುವುದೆಂಬ ಲೆಕ್ಕದಲ್ಲಿ ಸಾಲ ಮಾಡಿ ಹೊರಡುವ ಪಯಣ ಇದಲ್ಲ. ಮೈಯನ್ನು ಪರೀಕ್ಷಿಸಿಕೊಳ್ಳುವ, ಲೋಕ ನೋಡುವ ಸಂತೋಷಕ್ಕಾಗಿ ಹೋಗುವುದಾದರೆ ಹೋಗಬೇಕು.

ಕಂಪ್ಲಿ: ಮುಳುಗುವ ಸೇತುವೆ, ಹೊರುವ ಚೀಲ

ಹುಡುಗಿಯ ತಾಯಿಯ ತವರು ಕಂಪ್ಲಿ ಎಂದುಕೊಳ್ಳಿ. ಅಲ್ಲಿ ಅಜ್ಜ ಇದ್ದಾನೆ. ಹರೆಯದಲ್ಲಿ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನು. ಕಂಪ್ಲಿಯೆಂದರೆ ಕಂಪಿಲರಾಯ, ಗಂಡುಗಲಿ ಕುಮಾರರಾಮರ ನೆಲ. ಕುಮಾರರಾಮನ ಕಥೆ ತಿರುವು ಪಡೆಯುವುದೂ ಒಂದು ಚೆಂಡಾಟದಲ್ಲೇ. 1327ರಲ್ಲಿ ಆ ರಾಜ್ಯ ದೆಹಲಿಯ ಸೈನ್ಯಕ್ಕೆ ಬಿದ್ದರೂ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಈಗ ಇಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಭತ್ತದ ಗದ್ದೆ, ಬಾಳೆ, ಕಬ್ಬು.

ಮೊಮ್ಮಗಳು ಎಂಟು ಕಸರತ್ತುಗಳನ್ನು ವಿವರಿಸಿದಾಗ ಅಜ್ಜ ನಕ್ಕಾನು. ಈ ಸೀಮೆಯಲ್ಲಿ ಭತ್ತದ ಚೀಲ ಎಂದರೆ 75 ಕೆ.ಜಿ. ಸ್ಪರ್ಧೆಯ ಮರಳಿನ ಚೀಲ ಗಂಡಸರಿಗೆ 20, ಹೆಂಗಸರಿಗೆ 10 ಕೆ.ಜಿ. ಸುಗ್ಗಿಯಲ್ಲಿ ದಿನವಿಡೀ ಲಾರಿಗೆ ಚೀಲ ಹೇರುವ ಹಮಾಲರು ಇದನ್ನು ಕೇಳಿದರೆ ಏನೆಂದಾರು! ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ, ಚೀಲ ಹೊತ್ತು ನಡೆಯುವ ಪಂದ್ಯಗಳು ನಮ್ಮಲ್ಲಿ ಹಳೆಯವು. ಆದರೆ ಅಜ್ಜನಿಗೂ ಒಂದು ಸಂಗತಿ ಹೊಸದು. ಇಲ್ಲಿ ಒಂದೇ ಭಾರವನ್ನು ಒಮ್ಮೆ ಎತ್ತಿ ಚಪ್ಪಾಳೆ ಗಿಟ್ಟಿಸುವಂತಿಲ್ಲ. ಓಡಿ ಬಂದ ಉಸಿರಿನಲ್ಲೇ ಎತ್ತಬೇಕು, ಎತ್ತಿದ ಕಾಲಿನಲ್ಲೇ ಓಡಬೇಕು. ಅವಸರದಲ್ಲಿ ಮೊದಲ ಎರಡು ಸುತ್ತಿಗೇ ಉಸಿರು ಖಾಲಿ ಮಾಡಿಕೊಂಡವರು ಕೊನೆಯ ನೂರು ಚೆಂಡಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

"ಮೊದಲ ಹಿಡಿತದಾಗ ಗೆಲ್ಲಾಕ ಹೋಗಬ್ಯಾಡವ್ವಾ, ಕೊನೀ ಹಿಡಿತಕ್ಕ ದಮ್ಮು ಇಟ್ಕೋ" ಎಂದು ಅಜ್ಜ ಹೇಳಿದರೆ, ಅದಕ್ಕಿಂತ ಒಳ್ಳೆಯ ತರಬೇತಿ ಬೇರೆ ಬೇಕಿಲ್ಲ.

ಸ್ಪರ್ಧೆಯಲ್ಲಿ ಇನ್ನೊಂದು ಕಿವಿಮಾತು. ಒಂದು ಕಿ.ಮೀ. ಎಂದರೆ ಸಭಾಂಗಣದೊಳಗೆ ಎಷ್ಟು ಸುತ್ತು ಎಂಬುದು ಆಯಾ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಸುತ್ತು ಎಣಿಸುವ ಹೊಣೆ ಓಟಗಾರರದೇ. ಒಂದು ಸುತ್ತು ಕಡಿಮೆಯಾದರೆ ದಂಡ ಬೀಳುತ್ತದೆ. ಚೆಂಡು ಎಸೆಯುವಾಗ ಸರಿಯಾಗಿ ಕುಳಿತೇಳದಿದ್ದರೆ ಆ ಎಸೆತ ಲೆಕ್ಕಕ್ಕಿಲ್ಲ. ವಿಜಯನಗರದ ಕಣದಲ್ಲಿದ್ದಂತೆ ಇಲ್ಲೂ ತೀರ್ಪುಗಾರರ ಕಣ್ಣಿದೆ. ನಿಯಮದ ಪುಸ್ತಕವನ್ನು ಪಠ್ಯಪುಸ್ತಕದಂತೆ ಓದಿಕೊಳ್ಳಬೇಕು.

ಕಂಪ್ಲಿಯ ಸೇತುವೆ ಹೇಳುವ ಪಾಠವೇ ಬೇರೆ. ತುಂಗಭದ್ರೆಯ ಮೇಲೆ ಗಂಗಾವತಿಯ ಕಡೆಗೆ ದಾಟಿಸುವ ಈ ಸೇತುವೆ, ಅಣೆಕಟ್ಟೆಯಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಮುಳುಗುತ್ತದೆ. ಆಗ ಸಂಚಾರ ನಿಲ್ಲುತ್ತದೆ. ಜನ ಬಳಸುದಾರಿ ಹಿಡಿಯುತ್ತಾರೆ. ಮಳೆಗಾಲ ಬಂತೆಂದರೆ ಇಲ್ಲಿನವರು ಹೊರಡುವ ಮೊದಲು 'ಬ್ರಿಜ್ ಐತಾ?' ಎಂದು ಕೇಳುವುದು ವಾಡಿಕೆ. ಹೊರದೇಶಕ್ಕೆ ಹೊರಟವರಿಗೂ ಇದೇ ಅಭ್ಯಾಸ ಬೇಕು. ವಿಮಾನ ತಡವಾದರೆ? ಲಗೇಜು ಬರದಿದ್ದರೆ? ವೀಸಾ ಸಿಗದಿದ್ದರೆ? ಕಾಲು ಉಳುಕಿದರೆ? ಒಂದೊಂದು ಪ್ರಶ್ನೆಗೂ ಬಳಸುದಾರಿಯನ್ನು ಮನೆಯಲ್ಲೇ ಯೋಚಿಸಿಡಬೇಕು.

ಕೊನೆಯ ದಿನದಿಂದ ಹಿಂದಕ್ಕೆ

ನಾಲ್ಕೂರು ಸುತ್ತಿ ಮನೆಗೆ ಬಂದ ಮೇಲೆ ಕಾಗದ, ಪೆನ್ನು ಹಿಡಿದು ಕೂರುವ ಸಮಯ. ಮದುವೆಯ ಮುಹೂರ್ತ ಗೊತ್ತಾದ ಮೇಲೆ ಹಿಂದಿನ ದಿನಗಳಿಗೆ ಕೆಲಸ ಹಂಚುವಂತೆ, ಇಲ್ಲೂ ಓಟದ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಹತ್ತು ತಿಂಗಳ ಮೊದಲು: ಪರೀಕ್ಷೆಯ ವೇಳಾಪಟ್ಟಿಯನ್ನೂ ಓಟದ ದಿನಾಂಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಪಿಯುಸಿ, ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯಲ್ಲಿ ಈ ಮಾತನ್ನೇ ಎತ್ತುವುದು ಬೇಡ. ವೈದ್ಯರ ಬಳಿ ಹೃದಯ, ರಕ್ತದೊತ್ತಡ, ರಕ್ತಹೀನತೆಯ ತಪಾಸಣೆ ಆಗಲಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅರ್ಜಿ ಹಾಕುವ ಕಾಲ ಇದೇ. 18 ತುಂಬದವರಿಗೆ ತಂದೆತಾಯಿಯ ಒಪ್ಪಿಗೆಯ ಘೋಷಣೆ ಬೇಕು. ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಬಹಳ ಮನೆಗಳಲ್ಲಿ ದಿನ ತಿನ್ನುವುದು ಈ ಒಂದು ಅಕ್ಷರದ ತಪ್ಪು.

ಆರು ತಿಂಗಳ ಮೊದಲು: ಸ್ಪರ್ಧೆಯ ಟಿಕೆಟ್. ಹಣ ವಾಪಸು ಬರುವ ನಿಯಮವನ್ನು ಓದಿಯೇ ಕೊಳ್ಳಬೇಕು. ಒಬ್ಬರೇ ಓಡುವುದಲ್ಲದೆ ಇಬ್ಬರು ಕಸರತ್ತು ಹಂಚಿಕೊಳ್ಳುವ ಜೋಡಿ ವಿಭಾಗವೂ, ನಾಲ್ವರು ತಲಾ ಎರಡು ಕಿ.ಮೀ. ಓಡಿ ಎರಡು ಕಸರತ್ತು ಮಾಡುವ ರಿಲೇಯೂ ಇವೆ. ಮೊದಲ ಬಾರಿ ಹೋಗುವವರಿಗೆ ಜೊತೆಗಾರರಿದ್ದರೆ ಧೈರ್ಯವೂ ಹೆಚ್ಚು, ಕೋಣೆಯ ಬಾಡಿಗೆಯೂ ಅರ್ಧ. ಪಾಸ್‌ಪೋರ್ಟಿನಲ್ಲಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಮೂರು ತಿಂಗಳ ಮೊದಲು: ವೀಸಾ. ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು. ಹೋಗುವ ಮೂರು ದಿನಗಳೊಳಗೆ ಆಗಮನದ ಆನ್‌ಲೈನ್ ಅರ್ಜಿಯನ್ನೂ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಜರ್ಮನಿಯಂಥ ಷೆಂಗೆನ್ ದೇಶಗಳಿಗಾದರೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾದೀತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಕಾಲೇಜಿನಿಂದ ವ್ಯಾಸಂಗ ಪತ್ರ, ರಜೆಯ ಒಪ್ಪಿಗೆ, ತಂದೆಯ ಬ್ಯಾಂಕ್ ವಿವರ, ಖರ್ಚು ಭರಿಸುವ ಪತ್ರ ಒಂದೇ ಕಡತದಲ್ಲಿರಲಿ.

ಒಂದು ವಾರ ಮೊದಲು: ಪೆಟ್ಟಿಗೆ. ಓಟದ ಬೂಟು, ಬಟ್ಟೆ ಕೈಚೀಲದಲ್ಲೇ ಇರಬೇಕು. ದೊಡ್ಡ ಪೆಟ್ಟಿಗೆ ತಪ್ಪಿದರೂ ಓಟ ತಪ್ಪಬಾರದು. ಹೊಸ ಬೂಟು ಬೇಡವೇ ಬೇಡ. ಔಷಧಿಗಳನ್ನು ಅವುಗಳ ಪಟ್ಟಿಯಲ್ಲೇ, ವೈದ್ಯರ ಚೀಟಿಯ ಜೊತೆಗೆ ಒಯ್ಯಬೇಕು. ಜಿಮ್‌ನಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ಡಬ್ಬಿಯನ್ನು ಮನೆಯಲ್ಲೂ ಮುಟ್ಟುವುದು ಬೇಡ. ತಾಯಂದಿರಿಗೆ ಇನ್ನೊಂದು ಮಾತು: ಚಟ್ನಿಪುಡಿ, ರೊಟ್ಟಿಯ ಗಂಟಿಗೆ ಮೊದಲು ಆ ದೇಶದ ನಿಯಮ ನೋಡಿ. ಗಸಗಸೆಯನ್ನಂತೂ ಅಪ್ಪಿತಪ್ಪಿಯೂ ಕಟ್ಟಿಕೊಡಬೇಡಿ. ನಮ್ಮಲ್ಲಿ ಹಬ್ಬದ ಪಾಯಸವಾಗುವ ಅದೇ ಗಸಗಸೆ ಸಿಂಗಪುರದಲ್ಲಿ, ದುಬೈಯಲ್ಲಿ ನಿಷಿದ್ಧ ವಸ್ತು.

ಹತ್ತೊಂಬತ್ತನೆಯ ಗೇಟು

ಇಷ್ಟೆಲ್ಲ ಬರೆದು ಮುಗಿಸಿದಾಗ ಕಾಗದದ ಕೊನೆಯಲ್ಲಿ ಒಂದು ಮೊತ್ತ ನಿಲ್ಲುತ್ತದೆ. ಹುಡುಗಿಯ ಮುಖ ಸಣ್ಣದಾಗುತ್ತದೆ. ಅಂಗಡಿಯ ಲೆಕ್ಕ ಬಲ್ಲ ತಂದೆ ತಕ್ಷಣ ಏನೂ ಹೇಳುವುದಿಲ್ಲ. ಮಾರನೆಯ ಬೆಳಿಗ್ಗೆ ಮಗಳ ಜೊತೆ ತಾನೂ ಅಣೆಕಟ್ಟೆಯ ಕಡೆಗೆ ಹೊರಡುತ್ತಾನೆ.

1953ರಿಂದ ನೀರು ಹಿಡಿದಿಟ್ಟ ಈ ಅಣೆಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹರಿದುಹೋಗುವುದನ್ನು ನೋಡುತ್ತ ಕಂಪ್ಲಿಯಿಂದ ರಾಯಚೂರಿನವರೆಗಿನ ರೈತರು ಬೆಳೆಯ ಚಿಂತೆಯಲ್ಲಿ ಕುಳಿತರು. ಒಂದು ವಾರದಲ್ಲಿ ತಾತ್ಕಾಲಿಕ ತಡೆಗೇಟು ಇಳಿಸಿ ತಜ್ಞರು ಉಳಿದ ನೀರನ್ನು ಉಳಿಸಿದರು. ಮೂವತ್ತೆರಡು ಗೇಟು ಗಟ್ಟಿಯಾಗಿದ್ದರೂ ಒಂದರ ಸರಪಳಿ ಕಳಚಿದರೆ ಏನಾಗುತ್ತದೆಂಬುದು ಈ ಊರಿನ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ. ಪಯಣವೂ ಹಾಗೆಯೇ. ಮೈ ಸಿದ್ಧವಿದ್ದು ಹಣವಿಲ್ಲದಿದ್ದರೆ, ಹಣವಿದ್ದು ಕಾಗದವಿಲ್ಲದಿದ್ದರೆ, ಎಲ್ಲವೂ ಇದ್ದು ಪರೀಕ್ಷೆ ಕೆಟ್ಟರೆ ಕೂಡಿಟ್ಟದ್ದು ಹರಿದುಹೋಗುತ್ತದೆ.

ತಂದೆ ಕೊನೆಗೆ ಬಾಯಿಬಿಡುತ್ತಾನೆ. "ಮೊದಲು ನಮ್ಮ ದೇಶದಾಗ ಒಂದು ಸಲ ಓಡಿ ಬಾ. ಪೂರ್ತಿ ಮುಗಿಸಿದಿ ಅಂದ್ರ, ಬರೋ ವರ್ಷ ಸಿಂಗಪುರಕ್ಕ ನಾನಾ ಕಳಸ್ತೀನಿ. ಅಲ್ಲಿತನ ಇಬ್ಬರೂ ಕೂಡಿಸೋಣು."

ಇದು ಬೇಡವೆನ್ನುವ ಮಾತಲ್ಲ, ಬಳಸುದಾರಿಯ ಮಾತು. 2025ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಈ ಸ್ಪರ್ಧೆ ಭಾರತದಲ್ಲಿ ಮೊದಲ ಬಾರಿ ನಡೆಯಿತು. ಅದಕ್ಕೂ ಮೊದಲು ಓಡಬೇಕೆಂದವರು ಹೊರದೇಶಕ್ಕೇ ಹೋಗಬೇಕಿತ್ತು. ಈಗ ಹುಬ್ಬಳ್ಳಿಗೆ ಹೋಗಿ ಮುಂಬೈ ರೈಲು ಹತ್ತಿದರೂ ಅದೇ ಎಂಟು ಕಿ.ಮೀ., ಅದೇ ಎಂಟು ಕಸರತ್ತು. ಎಲ್ಲೆಡೆ ಒಂದೇ ಆಗಿರುವ ಓಟದ ಅನುಕೂಲ ಇದೇ ಅಲ್ಲವೇ? ಹತ್ತಿರದಲ್ಲಿ ಮೈಯನ್ನು ಪರೀಕ್ಷಿಸಿಕೊಂಡವರು ದೂರಕ್ಕೆ ಹೋದಾಗ ಲೋಕವನ್ನು ನೋಡುತ್ತಾರೆ; ಪರೀಕ್ಷಿಸಿಕೊಳ್ಳದೆ ಹೋದವರು ಸಭಾಂಗಣದ ಗೋಡೆಯನ್ನಷ್ಟೇ ನೋಡಿ ಬರುತ್ತಾರೆ.

ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, ಬೂಟಿನ ಲೇಸು ಬಿಗಿದುಕೊಂಡು ಏಳುತ್ತಾಳೆ. ಬಿಸಿಲು ಏರಲು ಇನ್ನೂ ಅರ್ಧ ಗಂಟೆಯಿದೆ. ಡ್ಯಾಂ ರಸ್ತೆಯಲ್ಲಿ ಇನ್ನೊಂದು ಕಿ.ಮೀ. ಓಡುವಷ್ಟು ಹೊತ್ತು ಧಾರಾಳವಾಗಿ ಇದೆ. ತಂದೆಯೂ ನಾಲ್ಕು ಹೆಜ್ಜೆ ಜೊತೆಗೆ ಓಡಿ, ಏದುಸಿರು ಬಿಡುತ್ತ ನಿಂತು, ಅವಳ ಸುತ್ತು ಎಣಿಸತೊಡಗುತ್ತಾನೆ.